ಅವ್ವನ ಹೆಬ್ಬೆಟ್ಟು

ರಾಮನಗರ,
ಸೋಮವಾರ

ಮುನಿಶಾಮಯ್ಯ ಮಾವನಿಗೆ ನಮಸ್ಕಾರ. ಈ ಕಾಗದವನ್ನು ಅವ್ವನಿಗೂ ಕೇಳುವಂತೆ ಓದಿ.

ರೇಷ್ಮೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅಣ್ಣ ಸತ್ತ ಕೇಸನ್ನು ಮುಚ್ಚಲು ಪೊಲೀಸರು ಕೋರ್ಟಿಗೆ ಕೊಟ್ಟ ಹೇಳಿಕೆಯ ನಕಲು ಸಿಕ್ಕಿತು. ನಕಲು ಕೇಳುವುದು ನಮ್ಮ ಹಕ್ಕು ಎಂದು ಕಾರ್ಮಿಕ ಸಂಘದ ಪುಸ್ತಿಕೆಯಲ್ಲಿ ಓದಿ ನಾನೇ ಅರ್ಜಿ ಹಾಕಿದ್ದೆ. ‘ನನ್ನ ಮಗ ಕುಡಿದು ಕೆಲಸಕ್ಕೆ ಹೋಗಿದ್ದ, ಮಾಲೀಕರದು ತಪ್ಪಿಲ್ಲ’ ಎಂದು ಅವ್ವ ಹೇಳಿದಳಂತೆ. ಅವ್ವ ಠಾಣೆಯ ಮೆಟ್ಟಿಲನ್ನೇ ಹತ್ತಿಲ್ಲ. ಆದರೂ ಕೆಳಗೆ ಅವಳದೆಂದು ಒಂದು ಹೆಬ್ಬೆಟ್ಟಿದೆ, ಗೆರೆಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ.

ಮಾವ, ನಾನು ಕೋರ್ಟಿನ ಬಾಗಿಲಲ್ಲೇ ನಕ್ಕುಬಿಟ್ಟೆ. ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ಬಿಚ್ಚಿದ ಅವ್ವನ ಬೆರಳಲ್ಲಿ ಗೆರೆ ಎಲ್ಲಿದೆ? ರೇಷನ್ ಅಂಗಡಿಯ ಗಂಗಯ್ಯ ಪ್ರತಿ ತಿಂಗಳೂ ಮಿಷನ್ನಿಗೆ ಒತ್ತಿಸಿ ಸೋತು, ‘ಏನಮ್ಮೋ, ಬೆರಳ್ನೂ ಒಗ್ದು ಇಸ್ತ್ರಿ ಮಾಡ್ಸಿದ್ದೀಯಾ?’ ಎಂದು ರೇಗಿಸುತ್ತಾನೆ. ಆ ಹೇಳಿಕೆ ಬರೆದವನಿಗೆ ಅವ್ವ ಏನು ಕೆಲಸ ಮಾಡುತ್ತಾಳೆಂದೇ ಗೊತ್ತಿಲ್ಲ.

ಇದು ಅವ್ವನ ಹೆಬ್ಬೆಟ್ಟಲ್ಲ ಎಂದು ಅವತ್ತೇ ತಕರಾರು ಬರೆದುಕೊಟ್ಟೆ. ಗುರುವಾರ ಅವ್ವನ ಹೆಬ್ಬೆಟ್ಟನ್ನು ತಮ್ಮೆದುರೇ ಒತ್ತಿಸುವುದಾಗಿ ಜಡ್ಜರು ಹೇಳಿದ್ದಾರೆ. ‘ದೊಡ್ಡೋರ್ನ ಎದುರು ಹಾಕ್ಕೊಂಡು ಬದುಕಕ್ಕಾಯ್ತದೇನವ್ವಾ’ ಎಂದು ಈ ಸಲ ಹೇಳಬೇಡಿ. ವಿರೂಪಾಕ್ಷಿಪುರದಿಂದ ಎಂಟರ ಬಸ್ಸಿಗೆ ಅವಳನ್ನು ಕರೆತನ್ನಿ. ಅವಳು ಒಂದು ಮಾತೂ ಆಡಬೇಕಾಗಿಲ್ಲ. ನಾಲ್ಕು ಜನ ಕಂಡರೆ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಾಳಲ್ಲ, ಅದೊಂದು ಬೇಡ ಅನ್ನಿ. ಆ ಕೈಯನ್ನು ಕೋರ್ಟೆಲ್ಲ ನೋಡಲಿ.

ನಿಮ್ಮ ಅಕ್ಕನ ಮಗಳು,
ಚಂದ್ರಕಲಾ