ಹಳ್ಳದಾಚೆಯ ಹದಿನೇಳು ಹಂಚು

ಏಪ್ರಿಲ್ 11, ಬೆಳಿಗ್ಗೆ 8.40

ಏಡಿ ಬಂದು ಅಡಗಲೆಂದು ಇವರು ಕೆಸರಿನಲ್ಲಿ ಸಾಲಾಗಿ ಇಟ್ಟ ನಲವತ್ತು ಹಂಚೂ ಎತ್ತಿ ನೋಡಿ ಬಂದೆ. ಒಂಬತ್ತು ಏಡಿ. ಬೂಟು ತೊಳೆದಿಲ್ಲ, ಬಾಗಿಲ ಹೊರಗೇ ಬಿದ್ದಿದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಒಂಬತ್ತನ್ನೂ ಮಲಗಿಸಿ, ಫ್ರಿಜ್ಜಿನ ತರಕಾರಿ ಡ್ರಾಯರಿಗೆ ತಳ್ಳಿದೆ. ಕ್ಯಾರೆಟ್ ಪಕ್ಕದಲ್ಲಿ. ಕ್ಯಾರೆಟ್ಟಿಗೆ ಏನನ್ನಿಸುತ್ತದೋ.

ಇವರು ಹಾಸಿಗೆಯಿಂದಲೇ ಪರೀಕ್ಷೆ ಶುರು ಮಾಡಿದರು.

"ಕಾಲು ಮುರಿದು ನೋಡಿದ್ಯಾ?"

"ನೋಡಿದೆ."

"ಹಿಂದಿನ ಕಾಲಿನ ತುದಿ ತಾನೆ? ಒಳಗೆ ಹೊಸ ಕಾಲು ಕಾಣ್ತಾ, ಇಲ್ಲ ಬರೀ ಬಿಳಿ ನಾರಾ?"

"ಹೊಸ ಕಾಲೇ ರೀ. ನಾರು ಕಂಡಿದ್ದನ್ನೆಲ್ಲ ಅಲ್ಲೇ ಬಿಟ್ಟೆ."

ಪಾಸಾದೆ.

ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಬೆನ್ನು. ಹೋದ ತಿಂಗಳು ಆಪರೇಷನ್. ನಿಲ್ಲಬಹುದು, ನಡೆಯಬಹುದು, ಕಟ್ಟೆಯ ಮೇಲೆ ನಿಂತು ಗಾಳ ಎಸೆಯಬಹುದು, ಬಗ್ಗುವ ಹಾಗಿಲ್ಲ. ಗಾಳಕ್ಕೆ ಸಿಕ್ಕಿಸಲು ಅಂಗಡಿಯ ಐಸಿನ ಏಡಿ ಇವರಿಗೆ ಆಗದು. ಮೀನೂ ಮೂಸುವುದಿಲ್ಲವಂತೆ. ಚಿಪ್ಪು ಕಳಚಲು ಹೊರಟ, ಕಾಲೊಳಗೆ ಹೊಸ ಕಾಲು ಮೂಡಿದ ತಾಜಾ ಏಡಿಯೇ ಬೇಕು. ಹಾಗಾಗಿ ಬಗ್ಗುವ ಕೆಲಸ ನನ್ನ ಪಾಲಿಗೆ ಬಂತು. ಹೊಸದೇನಲ್ಲ ಅದು.

ಏಪ್ರಿಲ್ 12, ಬೆಳಿಗ್ಗೆ 7.20, ದಡದ ಕಲ್ಲಿನ ಮೇಲೆ

ಇನ್ನೂ ನೀರು ಪೂರ್ತಿ ಇಳಿದಿಲ್ಲ. ಕಾಯುತ್ತ ಕೂತಿದ್ದೇನೆ.

ನದಿ ಕಡಲು ಸೇರುವ ಕಡೆ ಇಷ್ಟು ದೊಡ್ಡ ಕೆಸರು ಬಯಲಿದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಎರಡು ಮೂರು ದಿನ ಮಾತ್ರ ಪೂರ್ತಿ ತೆರೆದುಕೊಳ್ಳುತ್ತದೆ. ಆಮೇಲೆ ಹತ್ತು ಹನ್ನೆರಡು ದಿನ ಮುಚ್ಚಿದ ಅಂಗಡಿ. ಮಂಜಿದೆ. ಆಕಾಶ ಎಲ್ಲಿ ಮುಗಿಯಿತು, ಕೆಸರು ಎಲ್ಲಿ ಶುರುವಾಯಿತು, ಹೇಳಲು ಬಾರದು. ಒಂದು ಹಕ್ಕಿ ನಡೆಯುತ್ತಿದೆ, ಅದರ ಕೆಳಗೆ ಇನ್ನೊಂದು ಹಕ್ಕಿ ತಲೆಕೆಳಗಾಗಿ ನಡೆಯುತ್ತಿದೆ.

ನನ್ನ ಕೆಲಸ ಕನ್ನಡಕದ ಅಂಗಡಿಯಲ್ಲಿ. ದಿನವಿಡೀ ಒಂದು ಅಡಿ ದೂರದ ಮುಖಗಳು. ಮೂಗಿನ ಮೇಲೆ ಫ್ರೇಮ್ ಕೂರಿಸು, ಕಿವಿಯ ಹಿಂದೆ ಬಗ್ಗಿಸು, ಈಗ ಹೇಗಿದೆ ಸರ್. ಇಲ್ಲಿ ನೋಡಲು ಒಂದು ಮುಖವೂ ಇಲ್ಲ. ಕಣ್ಣು ಎಷ್ಟು ದೂರ ಬೇಕಾದರೂ ಹೋಗಿ ಸುಮ್ಮನೆ ಕೂರುತ್ತದೆ.

ಏಪ್ರಿಲ್ 26, ಬೆಳಿಗ್ಗೆ 10

ಅಂಗಡಿಗೆ ತಡವಾಗಿ ಹೋದೆ. ಬಸ್ಸು ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ಡ್ರೈವರ್ ಹೆಂಡತಿ ಹೇಳುವ ಸುಳ್ಳೇ ಇದು?

ಹದಿಮೂರನೇ ಹಂಚಿನ ಕೆಳಗೆ ಜೋಡಿ ಇತ್ತು. ಗಂಡು ಹೆಣ್ಣನ್ನು ಹೊಟ್ಟೆಯಡಿ ಅಪ್ಪಿ ಹಿಡಿದಿತ್ತು. ಇವರು ಹೇಳಿಕೊಟ್ಟಿದ್ದರು — "ಜೋಡಿ ಸಿಕ್ರೆ ಹೆಣ್ಣನ್ನ ತಗೋ, ಅದು ಚಿಪ್ಪು ಬಿಡೋಕೆ ರೆಡಿ ಅಂತ ಅರ್ಥ." ಬಿಡಿಸಿ ತೆಗೆದೆ. ಕಾಲು ಮುರಿಯಲು ಹೋದವಳು ನಿಂತೆ. ಚಿಪ್ಪಿನ ಹಿಂಬದಿ ಆಗಲೇ ಬಿರಿದಿತ್ತು.

ತಗ್ಗಿನ ನೀರಿನಲ್ಲಿಟ್ಟು ಮಂಡಿಯೂರಿ ಕೂತೆ. ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ತನ್ನೊಳಗಿಂದ ತಾನೇ ಹೊರಗೆ ಬಂತು. ಒದ್ದೆ ಸ್ವೆಟರಿನಿಂದ ಕೈ ಬಿಡಿಸಿಕೊಳ್ಳುವಂತೆ ಒಂದೊಂದೇ ಕಾಲು. ನಡುವೆ ನಿಲ್ಲುವುದು, ಸುಧಾರಿಸಿಕೊಳ್ಳುವುದು. ಕಣ್ಣು ಕೂಡ ಹೊಸದು! ಹಳೆಯ ಕಣ್ಣಿನ ಪೊರೆ ಚಿಪ್ಪಿನಲ್ಲೇ ಉಳಿಯಿತು, ನಮ್ಮ ಅಂಗಡಿಯ ಲೆನ್ಸಿನಂತೆ. ಅರ್ಧ ಗಂಟೆ ಹಿಡಿಯಿತೇನೋ. ಕೊನೆಗೆ ಎರಡು ಏಡಿ ಪಕ್ಕಪಕ್ಕ ಇದ್ದವು. ಒಂದು ಖಾಲಿ, ಒಂದು ಮೆತ್ತಗೆ.

ಗಾಳಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೂ ತರಲಿಲ್ಲ. ಹಂಚಿನಡಿ ಇಟ್ಟು ಬಂದೆ. ಮಂಡಿಯವರೆಗೆ ನೀರು ಏರಿದಾಗಲೇ ಎಚ್ಚರ.

ಮನೆಯಲ್ಲಿ ಇವರ ಪರೀಕ್ಷೆ. "ಎಷ್ಟು ಸಿಕ್ತು?" "ನಾಲ್ಕೇ." "ನಾಲ್ಕಾ! ಹದಿಮೂರನೇ ಹಂಚು ನೋಡಿದ್ಯಾ? ಅದು ಯಾವತ್ತೂ ಕೈ ಬಿಡಲ್ಲ." "ಖಾಲಿ ಇತ್ತು."

ಮುಖ ಸಪ್ಪೆಯಾಯಿತು ಪಾಪ.

ಮೇ 9

ಕನ್ನಡಕದ ಅಂಗಡಿಯ ಹಿಂದಿನ ಶೆಡ್ಡಿನ ಮಾಡು ಕಳಚಿದ್ದಾರೆ. ಹಂಚು ರಾಶಿ ಬಿದ್ದಿದೆ. ಯಜಮಾನರನ್ನು ಕೇಳಿದೆ. "ಎಷ್ಟು ಬೇಕಾದ್ರೂ ತಗೊಂಡು ಹೋಗಮ್ಮ, ಪೀಡೆ ತೊಲಗಲಿ" ಎಂದರು.

ಮೂರು ಹಂಚು ಹೊತ್ತು ತಂದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡಿಲ್ಲ.

ಮೇ 11, ಬೆಳಿಗ್ಗೆ 9

ಇವರ ಸಾಲಿನ ಮುಂದೆ ಹಳ್ಳ. ಹಳ್ಳ ದಾಟಿದರೆ ಒಂದು ತಿರುವು. ಬಿಸಿಲು ಮೊದಲು ಬೀಳುವುದು ಅಲ್ಲಿಗೆ. ನಿನ್ನೆ ಮೂರು, ಇವತ್ತು ನಾಲ್ಕು ಇಟ್ಟೆ. ಓರೆಯಾಗಿ, ಅರ್ಧ ಕೆಸರಿಗೆ ಒತ್ತಿ. ಇವರ ಸಾಲು ಅಳತೆಪಟ್ಟಿ ಇಟ್ಟು ಎಳೆದ ಹಾಗೆ ನೇರ. ನನ್ನದು ಸೊಟ್ಟ. ಇರಲಿ, ಏಡಿಗೆ ಗೆರೆ ಬೇಕಿಲ್ಲ.

ಹೇಳಬೇಕು ಇವರಿಗೆ. ನಾಳೆ ಹೇಳಿದರಾಯಿತು.

ಮೇ 25

ಹದಿನೇಳಾಯಿತು. ಇನ್ನು ಸಾಕು. ಹೆಗಲಿನ ಮೇಲೆ ಚೀಲದ ಪಟ್ಟಿಯ ಗುರುತು.

ನನ್ನ ಹಂಚಿನಿಂದಲೇ ಇವತ್ತು ಆರು ಏಡಿ. ಇವರ ಡಬ್ಬಿಗೇ ಹಾಕಿದೆ. ಡಬ್ಬಿಯಲ್ಲಿ ಯಾವುದು ಯಾರದು ಎಂದು ತಿಳಿಯುವುದಿಲ್ಲ. ಸಂಜೆ ಕಟ್ಟೆಯಿಂದ ಮೊಳದುದ್ದದ ಮೀನು ಹಿಡಿದುಕೊಂಡು ಬಂದರು. "ನನ್ನ ಸಾಲಿನ ಏಡಿ ಅಂದ್ರೆ ಸುಮ್ನೇನಾ!" ಎಂದು ಮೀಸೆ ಸವರಿಕೊಂಡರು. ನನಗೆ ನಗು. ಒಳಗೆ ಎಲ್ಲೋ ಚುರ್ ಎಂದದ್ದೂ ನಿಜ.

ಜೂನ್ 2

ಇನ್ನು ಕೆಸರಿನಲ್ಲಿ ನಡೆಯಬಹುದು ಎಂದಿದ್ದಾರೆ ಡಾಕ್ಟರು. ಬಗ್ಗುವುದಕ್ಕೆ ಇನ್ನೂ ಸ್ವಲ್ಪ ದಿನ ಹೋಗಲಿ ಅಂತೆ. ಮಗುವಿನ ಹಾಗೆ ಕುಣಿದರು, ಬೆನ್ನು ನೋಡಿಕೊಂಡು.

"ನಿನ್ನ ಕಷ್ಟ ಮುಗೀತು ಬಿಡು. ಇನ್ನು ನೀನು ಬರೋದೇ ಬೇಡ. ಕಟಿಂಗ್‌ನವರನ್ನ ಕರ್ಕೊಂಡು ಹೋಗ್ತೀನಿ."

ಕಟಿಂಗ್‌ನವರು ಎಂದರೆ ಮೂಲೆಯ ಸಲೂನಿನವರು, ಇವರ ಗಾಳದ ಜೊತೆಗಾರ. ನಾನು ಪಾತ್ರೆ ಒರೆಸುತ್ತ ನಿಂತಿದ್ದೆ. ಒರೆಸಿದ್ದನ್ನೇ ಒರೆಸಿದೆ.

ಜೂನ್ 8, ಬೆಳಿಗ್ಗೆ 11

ಒಂಬತ್ತಕ್ಕೆ ಇಬ್ಬರೂ ಬಂದರು. ಬಾಗಿಲಲ್ಲೇ ಕೂಗು.

"ಯಾರೋ ನನ್ನ ಸಾಲಿನ ಮುಂದೇ ಹಂಚು ಇಟ್ಟಿದ್ದಾನೆ ಕಣೆ! ಹದಿನೇಳು! ಬರೋ ಏಡಿಯೆಲ್ಲ ಅವನೇ ಬಾಚ್ಕೊಳ್ತಿದ್ದಾನೆ!"

"ಮೂವತ್ತು ಹೆಜ್ಜೆ ಇದ್ರೆ ಹೆಚ್ಚು ಅಕ್ಕ," ಎಂದರು ಕಟಿಂಗ್‌ನವರು. "ಸಾಲಿನಿಂದ ಸಾಲಿಗೆ ಐವತ್ತು ಹೆಜ್ಜೆ ಬಿಡಬೇಕು ಅನ್ನೋದು ಇಲ್ಲಿ ಹೊಸಬರಿಗೂ ಗೊತ್ತು."

ನನಗೆ ಗೊತ್ತಿರಲಿಲ್ಲ. ಏಡಿಯ ಬಗ್ಗೆ ಎಲ್ಲ ಹೇಳಿಕೊಟ್ಟಿದ್ದರು ಇವರು. ಕಾಲು, ನಾರು, ಜೋಡಿ, ಮೊಟ್ಟೆ ಇರುವ ಹೆಣ್ಣನ್ನು ಬಿಡು, ಹಂಚನ್ನು ಇದ್ದ ಹಾಗೇ ಇಡು. ಐವತ್ತು ಹೆಜ್ಜೆ ಮಾತ್ರ ಹೇಳಿರಲಿಲ್ಲ. ನನಗೂ ಒಂದು ಸಾಲು ಇರಬಹುದು ಎಂದು ಇವರಿಗೆ ಯಾಕೆ ಹೊಳೆದೀತು?

ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ ಬಂದಿದ್ದಾರಂತೆ. ಅದು ಎಚ್ಚರಿಕೆ. ಮುಂದಿನ ದೊಡ್ಡ ಇಳಿತದ ಹೊತ್ತಿಗೆ ತೆಗೆಯದಿದ್ದರೆ ಹಂಚೆಲ್ಲ ಹಳ್ಳದ ಪಾಲು. "ನಾಳೆ ಬೆಳಿಗ್ಗೆನೂ ಅಲ್ಲೇ ಕಾಯ್ತೀವಿ. ಬರಲಿ ಬಡ್ಡಿಮಗ!" ಎಂದರು ಇವರು.

ಚಹಾ ಮಾಡಿ ಕೊಟ್ಟೆ. ಬಡ್ಡಿಮಗನ ಕೈಯ ಚಹಾ ಇಬ್ಬರೂ ಹೊಗಳಿ ಕುಡಿದರು.

ಜೂನ್ 13

ಹೇಳಿಲ್ಲ.

ಜೂನ್ 17

ನೀರು ಈಗ ಆ ತಿರುವನ್ನು ಬಿಡುವುದೇ ಇಲ್ಲ. ಮೆಲ್ಲಗೆ ಹೋಗಿ ತೆಗೆದುಬಿಡೋಣವೆಂದರೂ ಆಗದು. ಬೆಳಿಗ್ಗೆ ದಡದವರೆಗೆ ಹೋಗಿ ಬಂದೆ. ಕೆಂಪು ಬಟ್ಟೆಯ ತುದಿ ನೀರಿನ ಮೇಲೆ ತೇಲುತ್ತಿತ್ತು. ಕೆಳಗೆ ನನ್ನ ಹದಿನೇಳು ಕೋಣೆ. ಹೊಸ ಕಣ್ಣು ತೆರೆದು ಯಾರೋ ಕತ್ತಲಲ್ಲಿ ಕೂತಿರುತ್ತಾರೆ, ಚಿಪ್ಪು ಗಟ್ಟಿಯಾಗಲೆಂದು ಕಾಯುತ್ತ. ಅಂಗಡಿಯಲ್ಲಿ ಇದನ್ನೇ ಯೋಚಿಸುತ್ತ ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹಾಕಿದೆ. ಅವರು ಚೆನ್ನಾಗಿ ಕಾಣ್ತಿದೆ ಎಂದರು!

ಹೇಳಿದರೆ ಇವರಿಗೆ ಸಿಟ್ಟು ಬರುತ್ತದೆ ಎಂಬ ಹೆದರಿಕೆಯಲ್ಲ ನನ್ನದು. ಸಂತೋಷವಾಗುತ್ತದೆ ಎಂಬ ಹೆದರಿಕೆ.

ಜೂನ್ 23, ಮಧ್ಯಾಹ್ನ

ಬರೆಯಬೇಕು.

ನಾನೂ ಬರುತ್ತೇನೆ ಎಂದೆ. "ಬಾ, ಕಳ್ಳನ ಮುಖ ನೋಡೋಣ" ಎಂದರು. ಮೂವರೂ ಹಳ್ಳ ದಾಟಿದೆವು. ರಾತ್ರಿಯ ಮಳೆ ನಿಂತು ಮಂಜು ದಟ್ಟವಾಗಿತ್ತು, ಪಕ್ಕದವರ ಉಸಿರು ಕೇಳುತ್ತಿತ್ತು. ಇವರು ಬಗ್ಗುವ ಹಾಗಿಲ್ಲ, ಕೈ ತೋರಿಸಿ ಹೇಳುತ್ತಿದ್ದರು. ಕಟಿಂಗ್‌ನವರು ಮೊದಲ ಹಂಚು ಕಿತ್ತು ಬೀಸಿ ಎಸೆದರು. ಗುಳುಕ್.

ಎರಡನೆಯದಕ್ಕೆ ಕೈ ಹಾಕಿದಾಗ ನನ್ನ ಬಾಯಿಂದ ಬಂತು. "ಬೇಡ. ನನ್ನವು ಅವು."

"ಏನು ನಿನ್ನವು?"

"ಹಂಚು. ಹದಿನೇಳೂ. ನಾನೇ ಹೊತ್ತು ತಂದಿದ್ದು, ಅಂಗಡಿಯಿಂದ."

ಕಟಿಂಗ್‌ನವರು ಹಂಚನ್ನು ಮೆಲ್ಲಗೆ ಇಟ್ಟು ಆಕಾಶ ನೋಡತೊಡಗಿದರು. ಅಲ್ಲಿ ಏನೂ ಇರಲಿಲ್ಲ.

"ಹದಿನೈದು ದಿನದಿಂದ ಒದ್ದಾಡ್ತಿದ್ದೀನಿ ನಾನು. ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ದಿದ್ರೆ ನಿಮ್ಮದಾಗಿಬಿಡ್ತಿತ್ತು."

ಇಷ್ಟೇ ಹೇಳಿದ್ದು. ಇವರು ನನ್ನನ್ನು ನೋಡಿದರು. ಕನ್ನಡಕ ಬದಲಾಯಿಸಿದವರು ಮೊದಲ ಸಲ ಬೀದಿ ನೋಡುವಂತೆ ನೋಡಿದರು. ಆಮೇಲೆ ತಿರುಗಿ ಒಬ್ಬರೇ ದಡದ ಕಡೆ ನಡೆದರು.

ಅದೇ ದಿನ, ಸಂಜೆ 6

ಈಗ ಮಾತಾಡಿದರು. ಕಿಟಕಿಯ ಕಡೆ ಮುಖ ಮಾಡಿಕೊಂಡು.

"ಐವತ್ತು ಹೆಜ್ಜೆ ಅಂದ್ರೆ ಐವತ್ತೇ. ಹೆಂಡತಿ ಅಂತ ರಿಯಾಯಿತಿ ಇಲ್ಲ. ನಾಳೆ ಬೆಳಿಗ್ಗೆ ಸರಿಸಬೇಕು."

"ಆಯ್ತು" ಎಂದೆ. ಅಡುಗೆಮನೆಗೆ ಹೋಗಿ ಅತ್ತೆ. ದುಃಖಕ್ಕಲ್ಲ.

ಜೂನ್ 24

ಹೆಜ್ಜೆ ಅವರೇ ಎಣಿಸಿದರು. ಐವತ್ತಕ್ಕೆ ನಿಂತು ಹಿಮ್ಮಡಿಯಿಂದ ಗೆರೆ ಎಳೆದರು. ಹದಿನಾರು ಹಂಚು ನಾನೊಬ್ಬಳೇ ಕಿತ್ತು, ಹೊತ್ತು, ಇಟ್ಟೆ. ಕೈ ಹಿಂದೆ ಕಟ್ಟಿಕೊಂಡು ಗೆರೆಯ ಆಚೆ ನಿಂತಿದ್ದರು. ಸೊಟ್ಟ ಆಯಿತು ಎನ್ನಲು ಎರಡು ಸಲ ಬಾಯಿ ತೆರೆದದ್ದು ಕಂಡೆ. ಅನ್ನಲಿಲ್ಲ.

ಜುಲೈ 8, ಬೆಳಿಗ್ಗೆ 9.30

ಫ್ರಿಜ್ಜಿನಲ್ಲಿ ಈಗ ಎರಡು ಡಬ್ಬಿ. ಇವರು ಇನ್ನು ಬಗ್ಗಬಹುದು ಎಂದಿದ್ದಾರೆ ಡಾಕ್ಟರು.

ಹಳ್ಳದವರೆಗೆ ಜೊತೆಯಲ್ಲಿ ಹೋದೆವು, ಅಲ್ಲಿಂದ ಅವರು ಅವರ ಸಾಲಿಗೆ, ನಾನು ನನ್ನದಕ್ಕೆ. ಮಂಜು ಇತ್ತು. ಅವರ ಕೆಮ್ಮು ಮಾತ್ರ ಕೇಳುತ್ತಿತ್ತು. ಒಂಬತ್ತನೇ ಹಂಚು ಎತ್ತಿದೆ, ಕೆಳಗೊಂದು ಏಡಿ ಆಗಷ್ಟೇ ಬಿರಿಯತೊಡಗಿತ್ತು. ಕೂತೆ.

ಎಷ್ಟು ಹೊತ್ತೋ. ತಲೆ ಎತ್ತಿದರೆ ಇವರು. ಗೆರೆ ಅಳಿಸಿ ಹದಿನೈದು ದಿನವಾಗಿದೆ, ಆದರೂ ಅದೇ ಜಾಗದಲ್ಲಿ, ಬೂಟಿನ ತುದಿ ಕೂಡ ದಾಟದೆ ನಿಂತಿದ್ದರು. ಇನ್ನೊಬ್ಬರ ಸಾಲಿಗೆ ಕಾಲಿಡುವ ಮೊದಲು ಕೇಳುವುದು ಇಲ್ಲಿಯವರ ಪದ್ಧತಿಯಂತೆ. ಕಟಿಂಗ್‌ನವರನ್ನು ಹಾಗೆ ಕೇಳುತ್ತಾರೇನೋ.

"ಬರಬಹುದಾ?"

ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನನ್ನ ಯಾವ ಬಾಗಿಲಲ್ಲೂ ಇವರು ಹೀಗೆ ನಿಂತವರಲ್ಲ.

"ಸ್ವಲ್ಪ ತಡೀರಿ," ಎಂದೆ.

ತಡೆದರು. ಏಡಿ ಒಂದು ಕಾಲು ಬಿಡಿಸಿಕೊಂಡಿತು. ಇನ್ನೊಂದು. ನೀರು ತಿರುಗುವ ಹೊತ್ತಾಗಿತ್ತು, ಇವರ ಬೂಟಿನ ಸುತ್ತ ಸಣ್ಣಗೆ ಹರಿಯತೊಡಗಿತ್ತು, ಆದರೂ ಅಲುಗಲಿಲ್ಲ. ನನಗೋ ಇನ್ನೂ ಸ್ವಲ್ಪ ಹೊತ್ತು ಅವರು ಅಲ್ಲೇ ನಿಂತಿರಲಿ ಎನ್ನಿಸಿತು.