ಒಮ್ಮೆಯೂ ಬಾ ಅನ್ನದವಳು

ದೇವಳಾಲಿ ಕ್ಯಾಂಪ್, ನಾಶಿಕ
೧೯ ಜನವರಿ ೨೦೨೫

ತಮ್ಮ ಮೈಲಾರಿಗೆ ಅಕ್ಕನ ಆಶೀರ್ವಾದ.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆದೇ ಕಾಗದ ಶುರುಮಾಡಬೇಕೆಂದು ಅವ್ವ ಕಲಿಸಿದ್ದಳು. ಅವಳು ಹೋಗಿ ನಾಲ್ಕು ತಿಂಗಳಾಯಿತು, ಆ ಸಾಲು ಈ ಸಲ ಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಮರಾಠಿಗೆ ಜಾರುತ್ತೀ, ನನಗೆ ಮರಾಠಿಯಲ್ಲಿ ಜಗಳ ಆಡಲು ಬರುವುದಿಲ್ಲ. ನೀನು ಕನ್ನಡ ಓದುವುದು ಅಕ್ಷರಕ್ಕೆ ಅಕ್ಷರ ಕೂಡಿಸಿ. ಹಾಗೇ ಓದು. ನಿಧಾನವಾಗಿ ಓದಲಿ ಎಂದೇ ಬರೆಯುತ್ತಿದ್ದೇನೆ.

ನೀನು ಕಟ್ಟಿದ ಕಂಪ್ಯೂಟರ್ ಆಟ ನೋಡಿದೆ. ನನ್ನ ಮಗಳು, ನಿನ್ನ ಸೊಸೆ ರುಚಿತಾ, ಗೆಳತಿಯ ಲ್ಯಾಪ್‌ಟಾಪ್ ತಂದು ತೋರಿಸಿದಳು. ನೂರು ವರ್ಷದ ಹಿಂದೆ ದಕ್ಷಿಣ ಧ್ರುವ ಹುಡುಕಿಕೊಂಡು ಹೊರಟ ಹಾಯಿಹಡಗು, ಅದರಲ್ಲಿ ಇಪ್ಪತ್ತು ಜನ. ಗಾಳಿ ನೋಡಿ ಹಾಯಿ ಏರಿಸಬೇಕು, ಇಳಿಸಬೇಕು, ನೀರು ಹೆಪ್ಪುಗಟ್ಟುವ ಮೊದಲು ದಾರಿ ಹುಡುಕಬೇಕು. ತಡಮಾಡಿದರೆ ಹಡಗು ಬರ್ಫದಲ್ಲಿ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಹರಿದ ಹಾಯಿಗೆ ತೇಪೆ ಹಾಕುವ ಮುದುಕ ನಾವಿಕ ಸೂಜಿಯನ್ನು ತಲೆಗೂದಲಿಗೆ ಉಜ್ಜಿಕೊಂಡು, ದಾರವನ್ನು ಹಲ್ಲಿನಿಂದ ಕಡಿಯುತ್ತಾನೆ. ಅವ್ವ ಕೌದಿ ಹೊಲಿಯುತ್ತಿದ್ದ ರೀತಿ ಅದು. ರುಚಿತಾ ಗುರುತು ಹಿಡಿದು ನಕ್ಕಳು. ನಾನು ಎದ್ದು ಅಡುಗೆಮನೆಗೆ ಹೋದೆ.

ತಿರುಗಿ ಬಂದಾಗ ಅವಳು ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಪರದೆಯ ಮೇಲೆ ನಿನ್ನ ಸಾಲು ಕಂಡಿತು, ಕನ್ನಡದಲ್ಲೇ: ‘ನನ್ನ ಅವ್ವ ಕಮಲಾಬಾಯಿಗೆ. ಒಮ್ಮೆಯೂ ಬಾ ಅನ್ನದವಳಿಗೆ.’

ಆ ಸಾಲು ತೆಗೆ, ಮೈಲಾರಿ. ಅದಕ್ಕೇ ಈ ಪತ್ರ.

ಓದಿದವರು ಏನೆಂದುಕೊಳ್ಳುತ್ತಾರೆ? ಎಂಥ ದೊಡ್ಡ ಮನಸ್ಸಿನ ತಾಯಿ, ಮಗನ ಕೆಲಸಕ್ಕೆ ಅಡ್ಡ ಬರಲಿಲ್ಲ ಎಂದು. ಅವ್ವನ ಮಣ್ಣಿಗೆ ಬಂದಾಗ ನೀನು ನನ್ನನ್ನು ಕೇಳಿದ್ದೆ, ಅವ್ವ ಕೊನೆಗೂ ನನ್ನ ಕರೀಲಿಲ್ಲೇನು ಎಂದು. ಇಲ್ಲ ಎಂದೆ. ಅದನ್ನೇ ನೀನು ಒಯ್ದು ಆಟಕ್ಕೆ ಅಲಂಕಾರ ಮಾಡಿಕೊಂಡೆ. ಅವಳು ಯಾಕೆ ಕರೆಯಲಿಲ್ಲ, ಈಗ ಕೇಳು.

ಇಟ್ಟಂಗಿ ಹೊತ್ತು ನಿನ್ನನ್ನು ಓದಿಸಿದವಳ ಮುಂದೆ ‘ಆಟ ಮಾಡುತ್ತಿದ್ದೇನೆ’ ಎನ್ನಲು ನಿನಗೆ ನಾಚಿಕೆ. ಎರಡು ವರ್ಷದಲ್ಲಿ ಒಂದು ಸಲವೂ ನಿನ್ನ ಬಾಯಿಂದ ಆಟ ಎಂಬ ಮಾತು ಬರಲಿಲ್ಲ. ‘ಹಡಗದ ಕೆಲಸ ನಡದದ ಅವ್ವ’ ಎನ್ನುತ್ತಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ಏನೋ ದೋಷ ಬಂದು ಆ ಹಡಗು ನಿಂತಲ್ಲೇ ನಿಂತಾಗ, ‘ಹಡಗ ಬರ್ಫದಾಗ ಸಿಕ್ಕೊಂಡದ, ಅದು ಬಿಡೂತನಕ ನನಗ ಬರಾಕ ಆಗೂದಿಲ್ಲ’ ಎಂದೆ. ನಿನ್ನದು ಅರ್ಧ ಕನ್ನಡ, ಅವಳದು ಪೂರಾ ನಂಬಿಕೆ.

ನೀನು ನಾಲ್ಕು ತಾಸಿನ ಹಾದಿಯ ಸಂಭಾಜಿನಗರದ ಖೋಲಿಯಲ್ಲಿ ಕೂತಿದ್ದೀ ಎಂದು ಅವಳು ತಿಳಿಯಲೇ ಇಲ್ಲ. ಬರ್ಫದ ನಡುವೆ ನಿಂತ ಹಡಗಿನಲ್ಲಿದ್ದೀ ಎಂದು ತಿಳಿದಳು. ನನ್ನ ಅಂಗಡಿಗೆ ಸಮವಸ್ತ್ರದ ಮೇಲೆ ಹೆಸರುಪಟ್ಟಿ ಹೊಲಿಸಲು ಬರುವ ಜವಾನರು, ಹಿಮದ ಡ್ಯೂಟಿಯಲ್ಲಿ ಬೆರಳು ಕಳೆದುಕೊಂಡವರ ಸುದ್ದಿ ಹೇಳಿದ್ದರು. ಅದಕ್ಕೇ ಪ್ರತಿ ಸಲ ಫೋನಿನಲ್ಲಿ ಅವಳು ಕೇಳುತ್ತಿದ್ದದ್ದು, ‘ತಮ್ಮಾ, ಬೆರಳು ಆರಾಮ ಅದಾವೇನು?’ ನೀನು ಕೀಬೋರ್ಡಿನ ಮಾತು ಎಂದುಕೊಂಡು, ‘ಅದಾವ ಅವ್ವ, ದಿನಾ ಹತ್ತು ತಾಸು ದುಡೀತಾವ’ ಎನ್ನುತ್ತಿದ್ದೆ. ಇಬ್ಬರಿಗೂ ಸಮಾಧಾನವಾಗುತ್ತಿತ್ತು.

ಬರ್ಫದಲ್ಲಿ ಸಿಕ್ಕ ಮಗನನ್ನು ಯಾವ ತಾಯಿ ಬಾ ಎಂದು ಕರೆದಾಳು? ಕರೆದರೆ ಅವನ ಜೀವಕ್ಕೆ ಸಂಕಟ ಎಂದು ತುಟಿ ಕಚ್ಚಿಕೊಂಡಳು. ಅಂಗಡಿಯ ಹಸಿರು, ಖಾಕಿ ತುಂಡುಗಳನ್ನು ಆಯ್ದು ನಿನಗಾಗಿ ಕೌದಿ ಹೊಲಿಯುತ್ತ ಕೂತಳು. ಅಲ್ಲಿ ಥಂಡಿ ಬಹಳ, ಎರಡು ಪದರ ಸಾಲದು ಎಂದು ನಾಲ್ಕು ಪದರ ಹಾಕಿದಳು. ಅವಳ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸವಾಯಿತು. ಎರಡು ವರ್ಷ ಹಾಸಿಗೆ ಹಿಡಿದವಳನ್ನು ತೊಳೆದು, ಒರೆಸಿ, ಗೋಡೆಗೆ ಒರಗಿಸಿ ಕೂರಿಸಿದವಳು ನಾನು. ನನಗೆ ಒಂದು ದಿಂಬಿನ ಚೀಲವನ್ನೂ ಅವಳು ಹೊಲಿಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಅವಳೇ ಎಷ್ಟು ಸಲ ಅಂದಿದ್ದಳೋ, ನನ್ನ ಕಡೆ ನೋಡಿ ಒಮ್ಮೆಯೂ ಅದು ಅವಳ ನೆನಪಿಗೆ ಬರಲಿಲ್ಲ.

ನೀನು ಯಾಕೆ ತಿಳಿಸಿ ಹೇಳಲಿಲ್ಲ ಅಕ್ಕ ಎಂದು ಕೇಳುತ್ತೀ. ಏನೆಂದು ಹೇಳಲಿ? ನಿನ್ನ ಮಗ ಇಲ್ಲೇ ಇದ್ದಾನೆ, ಆಟ ಕಟ್ಟುತ್ತಿದ್ದಾನೆ, ಮನಸ್ಸಿಲ್ಲದೆ ಬರುತ್ತಿಲ್ಲ ಎನ್ನಲೇ? ಅದಕ್ಕಿಂತ ಬರ್ಫವೇ ಮರ್ಯಾದೆಯದು ಅನಿಸಿತು. ನಿನ್ನ ಮಾನ ಉಳಿಸಲು ಬಾಯಿ ಮುಚ್ಚಿಕೊಂಡಿದ್ದೆ ಎಂದು ತಿಳಿ.

ಕೌದಿ ಕಳಿಸುವುದಿಲ್ಲ. ಬೇಕಿದ್ದರೆ ಬಂದು ಒಯ್ಯಿ. ಬಸ್ಸುಗಳು ದಿನವೂ ಇವೆ, ನಡುವೆ ಎಲ್ಲಿಯೂ ಸಮುದ್ರವಿಲ್ಲ.

ನಿನ್ನ ಅಕ್ಕ
ನೀಲಾಂಬಿಕಾ

ತಾ.ಕ.: ಕಾಗದ ಮಡಚಿ ಇಟ್ಟು ಎರಡು ದಿನವಾಯಿತು, ಅಂಚೆಗೆ ಹಾಕಲು ಆಗಲಿಲ್ಲ. ಅವ್ವ ಹೋಗುವ ಹಿಂದಿನ ದಿನ ಮಧ್ಯಾಹ್ನ ನೀನು ಫೋನು ಮಾಡಿದ್ದೆ. ‘ಅಕ್ಕ, ಹಡಗ ಬಿಡ್ತು, ಸಂಜೀ ಬಸ್ಸಿಗೆ ಬರ್ತೀನಿ’ ಎಂದಿದ್ದೆ. ಅವಸರವೇನಿಲ್ಲ, ಅವ್ವ ಆರಾಮ ಇದ್ದಾಳೆ, ಮಲಗಿದ್ದಾಳೆ, ಐತವಾರ ಬಾ ಎಂದು ನಾನು ಹೇಳಿದ್ದೆ. ಅವಳು ಮಲಗಿರಲಿಲ್ಲ. ನನ್ನ ಎದುರಿಗೇ ಕೂತು ಕೌದಿಯ ಕೊನೆಯ ಮೂಲೆ ಹೊಲಿಯುತ್ತಿದ್ದಳು. ನೀನು ಬಂದರೆ ಆಮೇಲೆ ಅವಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ‘ಯಾರದು ಫೋನು, ಹಡಗ ಬಿಡ್ತೇನು?’ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ‘ಹಂಗಾರ ಇನ್ನೊಂದು ಪದರ ಹಾಕೂಣು, ದಾರ ಪೋಣಸು’ ಎಂದಳು. ಪೋಣಿಸಿಕೊಟ್ಟೆ.