ಹತ್ತೊಂಬತ್ತು ಪದಗಳ ಮೇಲಿನ ಅನುಮಾನ

ಶಾಲಾ ಮಕ್ಕಳ ನೆನಪಿನ ಶಕ್ತಿ ಅಳೆಯುವ ಕಚೇರಿಯ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ಮಗಳು ಇಪ್ಪತ್ತು ಪದಗಳಲ್ಲಿ ಹತ್ತೊಂಬತ್ತನ್ನು ನೆನಪಿಟ್ಟದ್ದು ಸರಿಯಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅವಳು ನಕಲು ಮಾಡಿದಳೆಂದು ನೀವು ಬರೆದಿಲ್ಲ, ಅಷ್ಟು ಒರಟರು ನೀವಲ್ಲ. 'ಹಿನ್ನೆಲೆಗೆ ಹೊಂದದ ಫಲಿತಾಂಶ, ಮರುಪರೀಕ್ಷೆ ಅಗತ್ಯ' ಎಂದಷ್ಟೇ ಬರೆದಿದ್ದೀರಿ. ಹನ್ನೆರಡು ವರ್ಷದ ಹುಡುಗಿ ತನ್ನ ಹಿನ್ನೆಲೆಗೆ ಹೊಂದುವಷ್ಟನ್ನು ಮಾತ್ರ ನೆನಪಿಡಬೇಕೆಂಬ ನಿಯಮ ಮೊದಲೇ ಗೊತ್ತಿದ್ದರೆ ನಾನೇ ಅವಳಿಗೆ ಹೇಳಿಕೊಡುತ್ತಿದ್ದೆ.

ಈ ಪತ್ರ ಅಚ್ಚಾಗುವ ಪತ್ರಿಕೆಯ ಓದುಗರಿಗೂ ತಿಳಿಯಲಿ, ಪರೀಕ್ಷೆ ನಡೆಯುವುದು ಹೀಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪದಗಳನ್ನು ಒಂದು ಸಲ ಓದುತ್ತಾರೆ. ಅರ್ಧ ಗಂಟೆ ಬೇರೇನೋ ಮಾಡಿಸಿ, ಆಮೇಲೆ ನೆನಪಿದ್ದಷ್ಟನ್ನು ಬರೆಯಿರಿ ಎನ್ನುತ್ತಾರೆ. ಹೆಚ್ಚು ಬರೆದವರಿಗೆ ದೂರದ ವಸತಿ ಶಾಲೆಯಲ್ಲಿ ಸೀಟು. ಇದಕ್ಕೂ ಮುಂಚೆ ಮನೆಯವರು ಒಂದು ಫಾರಂ ತುಂಬಿ ಕೊಟ್ಟಿರಬೇಕು: ಮಗು ಗಂಡೋ ಹೆಣ್ಣೋ, ತಂದೆಯ ಕೆಲಸವೇನು, ತಾಯಿ ಎಷ್ಟು ಓದಿದ್ದಾಳೆ, ಮಗು ಮನೆಯಲ್ಲಿ ಕೆಲಸ ಮಾಡುತ್ತದೆಯೇ. ಇವನ್ನೆಲ್ಲ ಕೂಡಿಸಿ ಕಳೆದು, ಮಗುವಿಗೆ ಎಷ್ಟು ಪದ ನೆನಪಿರಬೇಕೆಂದು ನಿಮ್ಮ ಕಂಪ್ಯೂಟರು ಮುಂಚೆಯೇ ಹೇಳಿಬಿಡುತ್ತದೆ. ನನ್ನ ಮಗಳಿಗೆ ಅದು ಮಂಜೂರು ಮಾಡಿದ್ದು ಎಂಟು. ಇಷ್ಟೆಲ್ಲ ಮೊದಲೇ ಗೊತ್ತಿರುವಾಗ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸುವ ಶ್ರಮವಾದರೂ ತಮಗೇಕೆ?

ನಾನು ಇಸ್ತ್ರಿ ಅಂಗಡಿಯವನು. ಬಟ್ಟೆ ಯಾವ ಮನೆಯದೆಂದು ತಿಳಿಯಲು ಕಾಲರಿನ ಒಳಗೆ ಬಣ್ಣದ ದಾರದ ಗುರುತು ಹಾಕುತ್ತೇನೆ. ಮಗಳು ಶಾಲೆಯಿಂದ ಬಂದು ಮಡಿಸಿದ ಬಟ್ಟೆಗಳನ್ನು ವಿಂಗಡಿಸುವಾಗ ಆ ದಾರವನ್ನು ತಿರುಗಿಯೂ ನೋಡುವುದಿಲ್ಲ. "ಇದು ಮೂರನೇ ಮಹಡಿ ನರ್ಸ್ ಅಕ್ಕಂದು, ಹೋದ ವಾರ ಗುಂಡಿ ಬದಲಾಯಿಸಿದಾರೆ" ಎಂದು ಎತ್ತಿಡುತ್ತಾಳೆ. ನಿಮ್ಮ ಲೆಕ್ಕದಲ್ಲಿ ಇದು 'ಮನೆಗೆಲಸ, ದಿನಕ್ಕೆ ಎರಡು ಗಂಟೆ'. ಅದಕ್ಕೆ ಎರಡು ಪದ ಕಡಿತ. ಇದೇ ಕೆಲಸವನ್ನು ಗಂಡುಮಗು ಮಾಡಿದರೆ ಒಂದೇ ಪದ ಕಡಿತವಂತೆ. ಯಾಕೆ ಹಾಗೆ ಎಂದು ನಿಮ್ಮ ಗುಮಾಸ್ತರನ್ನು ಕೇಳಿದೆ. "ಅದು ಸರಾಸರಿ ಕಣ್ರೀ, ನಿಮ್ಮ ಮಗಳ ಬಗ್ಗೆ ಹೇಳಿದ್ದಲ್ಲ" ಎಂದರು. ಸರಾಸರಿಯನ್ನು ಕರೆಸಿ ಮರುಪರೀಕ್ಷೆ ಮಾಡಬಹುದಿತ್ತಲ್ಲ, ನನ್ನ ಮಗಳನ್ನೇಕೆ ಕರೆಸಿದಿರಿ?

ತಪ್ಪು ನನ್ನದೂ ಇದೆ. ತಾಯಿಯ ಓದು ಎಂಬಲ್ಲಿ ನಾನು ಏನೂ ಬರೆಯಲಿಲ್ಲ. ನನ್ನ ಹೆಂಡತಿ ಪದವಿ ಮುಗಿಸಿದವಳು, ಗ್ರಂಥಾಲಯದಲ್ಲಿ ಕೆಲಸಕ್ಕಿದ್ದವಳು. ಅಂಥವಳು ಇಸ್ತ್ರಿ ಅಂಗಡಿಯವನನ್ನು ಏಕೆ ಮದುವೆಯಾದಳೆಂದು ಅವಳ ತವರಿನವರು ಕೇಳಿದ್ದರು, ನಾನೂ ಕೇಳಿದ್ದೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಆ ಫಾರಮ್ಮಿನಲ್ಲಿ ಅವಳ ವಿಷಯ ಬರೆಯಲು ಕೈ ಏಳಲಿಲ್ಲ. ನಾಳೆ ತುಂಬೋಣವೆಂದು ಬಿಟ್ಟವನು ಹಾಗೆಯೇ ಕೊಟ್ಟುಬಿಟ್ಟೆ. ಖಾಲಿ ಬಿಟ್ಟಿದ್ದಾರೆಂದರೆ ತಾಯಿ ಶಾಲೆಯ ಮುಖ ಕಂಡವಳಲ್ಲ ಎಂದು ನಿಮ್ಮವರು ತಿಳಿದುಕೊಂಡರು. ಈಗ ಅದನ್ನು ತಿದ್ದಿ ಎಂದು ನಾನು ಕೇಳುತ್ತಿಲ್ಲ. ಅವಳ ಪದವಿ ನೋಡಿದ ಮೇಲೆ ಹತ್ತೊಂಬತ್ತನ್ನು ನಂಬುತ್ತೀರಾದರೆ, ತಾಯಿ ನಿಜಕ್ಕೂ ಓದದ ಮನೆಯ ಮಗು ಏನು ಪಾಪ ಮಾಡಿದೆ? ನಮ್ಮ ಶಾಲೆಯಿಂದ ನೀವು ಮರುಪರೀಕ್ಷೆಗೆ ಕರೆದ ಆರು ಮಕ್ಕಳಲ್ಲಿ ಐವರು ಹುಡುಗಿಯರು. ಆರನೆಯವನು ಶಾಲೆಯ ಕಸ ಗುಡಿಸುವಾಕೆಯ ಮಗ.

ಮರುಪರೀಕ್ಷೆಯಲ್ಲಿ ನನ್ನ ಮಗಳು ಬರೆದದ್ದು ಏಳು ಪದ. ನಿಮ್ಮ ಅಧಿಕಾರಿ ಹಾಳೆ ನೋಡಿ, "ನೋಡಿ, ಈಗ ಸರಿಹೋಯ್ತು" ಎಂದು ನಕ್ಕರು. ಮಗು ಸೋತದ್ದಕ್ಕೆ ಅಷ್ಟು ಸಮಾಧಾನಪಟ್ಟವರನ್ನು ನಾನು ಕಂಡಿರಲಿಲ್ಲ, ನನ್ನನ್ನು ಬಿಟ್ಟರೆ. ಹೌದು, ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. ಏಳು ಎಂದು ಕೇಳಿದಾಗ ನನ್ನ ಜೀವ ತಣ್ಣಗಾಯಿತು. ದಿನವಿಡೀ ಅಂಗಡಿಯಲ್ಲಿ ಜನ ನನ್ನೊಡನೆ ಆಡುವ ಮಾತು "ಯಾವಾಗ ಸಿಗುತ್ತೆ" ಎಂಬುದೊಂದೇ. ಉಳಿದ ಮಾತೆಲ್ಲ ಮಗಳದು. ಅವಳು ಹೋಗಿಬಿಟ್ಟರೆ ಮನೆಯಲ್ಲಿ ನಾನು ಯಾರೊಡನೆ ಮಾತಾಡಲಿ?

ಎರಡು ದಿನದ ನಂತರ ಅವಳು ಬಟ್ಟೆ ವಿಂಗಡಿಸುತ್ತ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿದ್ದಳು. ಸೇತುವೆ, ಬಾಚಣಿಗೆ, ಮೋಡ, ಗರಗಸ, ಗಂಟೆ. ಮರುಪರೀಕ್ಷೆಯ ಪದಗಳು. ನಾನು ಬೆರಳು ಮಡಚಿ ಎಣಿಸಿದೆ, ಇಪ್ಪತ್ತಕ್ಕೆ ಇಪ್ಪತ್ತೂ ಬಂದವು. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳಿದೆ, "ಅಲ್ಲಿ ಯಾಕಮ್ಮ ಬರೀಲಿಲ್ಲ?"

"ಬರೆದಿದ್ರೆ ಹಾಸ್ಟೆಲ್‌ಗೆ ಕಳಿಸ್ತಾರಲ್ಲಪ್ಪ."

"ಮೊದಲನೇ ಸಲ ಬರೆದೆಯಲ್ಲ?"

"ಆಗ ನಂಗೆ ಹಾಸ್ಟೆಲ್ ವಿಷಯ ಗೊತ್ತಿರ್ಲಿಲ್ಲ." ಒಂದು ಅಂಗಿಯ ತೋಳು ಸರಿಮಾಡಿದಳು. "ಒಬ್ನೇ ಇದ್ರೆ ನೀನು ಊಟ ಮಾಡಲ್ಲ. ಅಮ್ಮ ಹೋದಾಗ ನೋಡಿದೀನಲ್ಲ."

ನಿಮ್ಮ ಲೆಕ್ಕದ ಪ್ರಕಾರ ಇಂಥ ಮನೆಯ ಹೆಣ್ಣುಮಕ್ಕಳಲ್ಲಿ ನೆನಪಿನ ಶಕ್ತಿ ಕಡಿಮೆ. ಈ ಹುಡುಗಿ ತಂದೆಗಾಗಿ ಹದಿಮೂರು ಪದಗಳನ್ನು ಬೇಕೆಂದೇ ನುಂಗಿಕೊಂಡು ಕೂತಿದ್ದಳು. ಅದನ್ನು ತುಂಬಲು ನಿಮ್ಮ ಫಾರಮ್ಮಿನಲ್ಲಿ ಯಾವ ಕಾಲಂ ಇದೆ?

ಆದ್ದರಿಂದ ನನ್ನ ಒತ್ತಾಯವಿಷ್ಟು. ಆರೂ ಮಕ್ಕಳ ಮೊದಲ ಫಲಿತಾಂಶವನ್ನೇ ಎತ್ತಿಹಿಡಿಯಿರಿ. ಮಕ್ಕಳ ಉತ್ತರಗಳಿಗೆ ಅಂಕ ಹಾಕಿ ಮುಗಿಸುವವರೆಗೆ ಮನೆಯ ಫಾರಂ ಬೀಗದೊಳಗಿರಲಿ. ನನ್ನ ಮಗಳನ್ನು ಮೂರನೇ ಸಲ ಮಾತ್ರ ಪರೀಕ್ಷಿಸಬೇಡಿ, ಅವಳು ಮತ್ತೆ ಮರೆತುಬಿಡುತ್ತಾಳೆ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳುವವಳು ಅವಳೇ, ಇದನ್ನೂ ಓದುತ್ತಾಳೆ. ಹಾಗಾಗಿ ಕೊನೆಯ ಸಾಲು ತಮಗಲ್ಲ, ಕ್ಷಮಿಸಿ.

ಪುಟ್ಟೀ, ನಾನು ಊಟ ಮಾಡ್ತೀನಿ. ನೀನು ಹೋಗು.

ಇಂತಿ,
ಒಬ್ಬನೇ ಉಣ್ಣುವುದನ್ನು ಇನ್ನೂ ಕಲಿಯಬೇಕಾಗಿರುವ
ಇಸ್ತ್ರಿ ಅಂಗಡಿಯವನು